ಬಸಣ್ಣನ ಅವಸರ

ಗುರುತಿಲ್ಲದ ಒಬ್ಬ ಮನುಷ್ಯನನ್ನು ಮಾತಾಡಿಸದೆ ಬಸಣ್ಣ ಮಧ್ಯಾಹ್ನದ ಊಟಕ್ಕೆ ಕೂರುತ್ತಿರಲಿಲ್ಲ. ಬೆಳಗಿನ ಸ್ನಾನ, ಲಿಂಗಪೂಜೆ ಎಷ್ಟು ಖಂಡಿತವೋ ಇದೂ ಅಷ್ಟೇ ಖಂಡಿತ. ಬೋಟ್ ಜೆಟ್ಟಿಯಲ್ಲಿ ಕಾಯುತ್ತಿರುವವರು, ಕೋರ್ಟಿನ ಮುಂದೆ ಅರ್ಜಿ ಬರೆದುಕೊಡುವವರು, ಮೀನಿನ ಬುಟ್ಟಿ ಹೊತ್ತ ಹೆಂಗಸು, ಯಾರಾದರೂ ಸರಿ, ಹೊಸಬರಾಗಿರಬೇಕು. "ಎಂದುಂಡ್ ವಿಶೇಷಂ?" ಎಂದು ತಮ್ಮ ಗದುಗಿನ ಮಲಯಾಳದಲ್ಲಿ ಏನು ಸಮಾಚಾರ ಕೇಳುವರು. ಎದುರಿನವರಿಗೆ ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಮಾತು. ಮಾತು ಮುಗಿಸಿ ಬಂದು ಕೈ ತೊಳೆದು ತಾವೇ ಬೇಯಿಸಿದ ಅನ್ನ ಉಣ್ಣುವರು. ಯಾರೂ ಸಿಗದ ದಿನ ಉಪವಾಸ.

ನಾನು ಅವರಿಗೆ ಸಿಕ್ಕಿದ್ದೂ ಒಂದು ಹೊತ್ತಿನ ಊಟದ ಲೆಕ್ಕದಲ್ಲೇ.

ಅರವತ್ತರ ದಶಕದ ಶುರುವಿನ ಮಾತು. ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ಎರ್ನಾಕುಲಕ್ಕೆ ವರ್ಗವಾಗಿತ್ತು. ನಾನು ಮೈಸೂರಿನವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಜೆಟ್ಟಿಯ ಹತ್ತಿರ ಒಂದು ಓಣಿಯಲ್ಲಿ ಮಹಡಿಯ ಮೇಲಿನ ಮನೆ. ಅವರು ಬೆಳಿಗ್ಗೆ ಬ್ಯಾಂಕಿಗೆ ಹೋದರೆ ಸಂಜೆಯವರೆಗೆ ನನಗೆ ಗೋಡೆಗಳೇ ಗತಿ. ಆ ಗೋಡೆಗಳಿಗೆ ಬಾಯಿ ಬಂದಿದ್ದರೂ ಅವು ಮಲಯಾಳದಲ್ಲೇ ಮಾತಾಡುತ್ತಿದ್ದವು ಅನ್ನಿ. ಅಮ್ಮನ ಮನೆಯಲ್ಲಿ ಬಾಯಿ ಮುಚ್ಚಿ ಕೂತರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಅಂಥವಳು ಇಲ್ಲಿ ಇಡೀ ದಿನ ತುಟಿ ಬಿಚ್ಚದೆ ಬದುಕುವುದನ್ನು ಕಲಿಯುತ್ತಿದ್ದೆ.

ಒಂದು ಮಧ್ಯಾಹ್ನ ಧೋ ಎಂದು ಮಳೆ. ಬಾಗಿಲು ಬಡಿದ ಸದ್ದಾಯಿತು. "ಚೇಚೀ, ಒರು ವಾಕ್ಕ್ ಪರಯೂ." ಅಕ್ಕಾ, ಒಂದು ಮಾತಾಡಿ ಎಂದು ಕೇಳುತ್ತಿದ್ದಾರೆ ಎಂಬಷ್ಟು ತಿಳಿಯಿತು. ಹೆದರಿಕೆಯಾಗಿ, "ಯಾರ್ರೀ ಅದು? ಏನು ಬೇಕು ನಿಮಗೆ?" ಎಂದು ಕನ್ನಡದಲ್ಲೇ ಗದರಿಬಿಟ್ಟೆ.

ಹೊರಗೆ ಮೆಟ್ಟಿಲಿಳಿದ ಸದ್ದು. ಆಮೇಲೆ, "ಯಪ್ಪಾ! ಕನ್ನಡದಾಕಿ!"

ಕಿಟಕಿಯಿಂದ ನೋಡಿದೆ. ನೀಳವಾದ ಒಣಕಲು ಆಳು. ಕಚ್ಚೆ ಹಾಕಿದ ಧೋತರ, ತಲೆಗೆ ಬಿಳಿ ಟೋಪಿ, ಕೈಯಲ್ಲಿ ನೀರು ಸುರಿಯುವ ಛತ್ರಿ. ಆಗಲೇ ಮೂರು ಮೆಟ್ಟಿಲು ಕೆಳಗಿಳಿದು ನಿಂತಿದ್ದರು.

"ಬಾಗಲಾ ತಗೀಬ್ಯಾಡ್ರಿ ವೈನಿ, ಮನ್ಯಾಗ ಗಂಡಸರಿದ್ದಂಗಿಲ್ಲ. ಕೆಳಗಿನ ಖೋಲ್ಯಾಗ ಇರಾಂವ ನಾ, ಬಸಣ್ಣ ಅಂತ. ಈ ಮಳ್ಯಾಗ ರಸ್ತೇದಾಗ ಒಂದು ನಾಯೀನೂ ಇಲ್ಲ. ಗುರ್ತಿಲ್ಲದಾವ್ರು ಯಾರರ ಎರಡು ಮಾತಾಡಿದ್ರ ನಾ ಉಣ್ಣಾಂವ. ಹೊಟ್ಟಿ ಚುರು ಚುರು ಅನ್ನಾಕತ್ತೈತಿ. ಈಗ ಆತು ಬಿಡ್ರಿ, ನೀವು ಬೈದ್ರಲ್ಲ, ಅದೂ ಮಾತ!"

ವೈನಿ ಎಂದರೆ ಅತ್ತಿಗೆ ಎಂದು ನನಗೆ ಆಗ ಗೊತ್ತಿರಲಿಲ್ಲ. ನನ್ನನ್ನು ಇನ್ಯಾರೋ ಅಂದುಕೊಂಡು ಹೆಸರು ಹಿಡಿದು ಕರೆಯುತ್ತಿದ್ದಾರೆ ಎಂದೇ ತಿಳಿದೆ. ಅವರು ಧಡಧಡ ಇಳಿದುಹೋದರು. ನಾನು ಬಾಗಿಲಿಗೆ ಒರಗಿ ಕೂತು ಅತ್ತುಬಿಟ್ಟೆ. ಒಬ್ಬರು ಕನ್ನಡ ಮಾತಾಡಿದ್ದಕ್ಕೆ ಹಾಗೆ ಅಳಬಹುದೇ ಎಂದು ಮೈಸೂರಿನಲ್ಲಿ ಕೂತವರಿಗೆ ಅನ್ನಿಸಬಹುದು. ಅವರಿಗೇನು ಗೊತ್ತು!

ಮರುದಿನ ಮಾತಾಡಿಸಲು ಬಂದೇ ಬರುತ್ತಾರೆ ಎಂದು ಕಾದಿದ್ದೆ. ಮಹಾಶಯರು ನನ್ನನ್ನು ನೋಡಿ ಟೋಪಿ ಸರಿಮಾಡಿಕೊಂಡು ಬೀದಿಗಿಳಿದರು. "ಏನು ಬಸಣ್ಣನವರೇ, ಇವತ್ತು ಮಾತಿಲ್ವಾ?" ಎಂದೆ.

"ನೀವೀಗ ಗುರ್ತಿನವ್ರಾದ್ರಲ್ಲ ವೈನಿ. ಊಟಕ್ಕ ಉಪಯೋಗಿಲ್ಲ. ಸಂಜೀ ಮುಂದ ಮಾತಾಡೂಣು. ಗುರ್ತಿನ ಮಂದಿ ಹತ್ರ ಇರೋ ಸುದ್ದಿ ನನ್ನ ಹತ್ರಾನೂ ಇರತೈತ್ರಿ. ಹೊಸಾ ಸುದ್ದಿ ಇರೂದು ಹೊಸಾ ಮನಶಾನ ಹತ್ರ."

ಅವರ ವ್ಯಾಪಾರ ಅಂಟಿನದು. ಕಚೇರಿಗಳಲ್ಲಿ ಕಾಗದಕ್ಕೆ ಕಾಗದ ಅಂಟಿಸುತ್ತಾರಲ್ಲ, ಆ ಅಂಟು. ಆ ಊರಿನ ಮಳೆಗಾಲದಲ್ಲಿ ಲಕೋಟೆಗಳು ಯಾರೂ ಮುಟ್ಟದೆ ತಾವೇ ಅಂಟಿಕೊಂಡು ಕೂರುತ್ತಿದ್ದವು. ಅಂಟಿಸಬೇಕೆಂದು ಹೊರಟರೆ ಸೀಸೆಯಲ್ಲಿದ್ದ ಅಂಟು ಬೂಷ್ಟು ಹಿಡಿದು ನಾರುತ್ತಿತ್ತು. ಬಸಣ್ಣ ಹುಣಸೆ ಬೀಜದ ಪುಡಿಗೆ ಮರಗೆಣಸಿನ ಹಿಟ್ಟು ಸೇರಿಸಿ ಕುದಿಸಿ, ಚಿಟಿಕೆ ಮೈಲುತುತ್ತ ಹಾಕಿ, ಕೊನೆಗೆ ಲವಂಗದ ಎಣ್ಣೆ ಬಿಟ್ಟು ಕಲಸುತ್ತಿದ್ದರು. ಬೂಷ್ಟು ಹತ್ತಿರ ಸುಳಿಯುತ್ತಿರಲಿಲ್ಲ. ಅವರು ಅಂಟು ಕುದಿಸುವ ದಿನ ಮಹಡಿ ಮೇಲಿನ ನನ್ನ ಸಾರಿಗೂ ಲವಂಗದ ವಾಸನೆ. "ನಮ್ಮ ಮನೇಲಿ ಪಲಾವು ಅಂತ ತಿಳಿದು ಬ್ಯಾಂಕಿನವರೆಲ್ಲ ಊಟಕ್ಕೆ ಬಂದ್ರೆ ನೀವೇ ಬಡಿಸಬೇಕು" ಎಂದು ನಾನು ರೇಗಿಸುತ್ತಿದ್ದೆ.

"ಎಲ್ಲರೂ ಮುಂಡು ಉಡೋ ಊರಲ್ಲಿ ಇದೇನು ವೇಷ ಬಸಣ್ಣ, ಆ ಟೋಪಿಯಾದ್ರೂ ತೆಗೀಬಾರದಾ?" ಎಂದು ಒಮ್ಮೆ ಕೇಳಿದ್ದೆ.

"ಎಲ್ಲಾರ ಹಂಗ ಇದ್ರ ಅದೃಷ್ಟಕ್ಕ ನನ್ನ ಗುರ್ತು ಹೆಂಗ ಹತ್ತಬೇಕ್ರಿ? ಅದೃಷ್ಟ ಅಂದ್ರ ಏನು, ಕಣ್ಣಿಗೆ ಕಾಣದ್ದು. ಅದು ನಮಗ ಕಾಣೂದಿಲ್ಲ ಹೌದಲ್ಲ? ಮತ್ತ ನಾವರ ಅದಕ್ಕ ಕಾಣಬೇಕು. ಇಬ್ಬರೂ ಕಾಣಲಿಲ್ಲ ಅಂದ್ರ ಭೆಟ್ಟಿ ಆಗೂದು ಹೆಂಗ?"

ಅದೃಷ್ಟದ ಮಾತು ಬಂದರೆ ಅವರ ದನಿ ಬದಲಾಗುತ್ತಿತ್ತು. ಅದಕ್ಕೆ ಕಾರಣವಿತ್ತು. ಗದುಗಿನಲ್ಲಿ ಅವರು ಕೈ ಹಾಕಿದ್ದೆಲ್ಲ ಕೆಟ್ಟಿತ್ತು. ಕಂದೀಲಿನ ಅಂಗಡಿ ಇಟ್ಟ ವರ್ಷವೇ ಆ ಪೇಟೆಗೆ ಕರೆಂಟು ಬಂತು. ಟಾಂಗಾ ಕೊಂಡರು, ಬಸ್ಸು ಶುರುವಾಯಿತು. ಪಾಲಿನಲ್ಲಿ ಹತ್ತಿ ವ್ಯಾಪಾರ ಹಿಡಿದರು, ಹತ್ತಿಗೆ ಬೆಂಕಿ ಬಿತ್ತು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ನೆಂಟರೆಲ್ಲ ಕೂತಿದ್ದಾಗ, ಮಾವ ಅಂದುಬಿಟ್ಟರಂತೆ: "ನಮ್ಮ ಅಳಿಯನ ಕಾಲ್ಗುಣ ಹಿಂಗೈತಿ ನೋಡ್ರಿ. ಎಲ್ಲಿ ಕಾಲಿಡತಾನೋ ಅಲ್ಲಿ ಹಾಳ." ಸೊಸೆಯನ್ನು ಚುಚ್ಚುವುದಕ್ಕೆಂದು ಜನ ಇಟ್ಟುಕೊಂಡ ಮಾತನ್ನು ಅಳಿಯನಿಗೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟಕ್ಕೇ ಬಿಡದೆ ಮಗಳನ್ನು ಮನೆಯಲ್ಲೇ ಉಳಿಸಿಕೊಂಡರು. "ಅದೃಷ್ಟ ತಿದ್ದಿಕೊಂಡು ಬಾ, ಆಮ್ಯಾಲ ಗಂಗವ್ವನ್ನ ಕಳಸ್ತೀನಿ" ಎಂದರು.

"ಆಕೆ ಏನಂದಳು ಬಸಣ್ಣ?" ಎಂದು ಕೇಳಿದೆ.

"ಆಕಿ ಅಡಗಿ ಮನಿ ಹೊಸ್ತಿಲದಾಗ ನಿಂತಿದ್ಲು. ಹೋಗಿ ಬರ್ರಿ, ನಾ ಇಲ್ಲೇ ಇರತೀನಿ ಅಂದ್ಲು. ಅಷ್ಟ."

ಟೋಪಿ ಸರಿಮಾಡಿಕೊಂಡು, "ನಾ ವಿಚಾರ ಮಾಡಿದೆ ವೈನಿ," ಎಂದರು. "ಕಾಲ್ಗುಣ ಅಂದ್ರ ಕಾಲಿನ ಗುಣ. ಕಾಲಿನ ಗುಣ ಯಾವುದು? ನಡಿಯೂದು. ಊರಾಗ ನಾ ಗಲ್ಲಾಪೆಟ್ಟಿಗಿ ಮುಂದ ಕುಂತಿದ್ದೆ. ಕುಂತ ಕಾಲಿಗೆ ಎಲ್ಲೀ ಗುಣ ಬರಬೇಕು?" ಹಾಗಾಗಿ ಅವರು ಹೋದ ದಾರಿಯಲ್ಲಿ ತಿರುಗಿ ಬರುತ್ತಿರಲಿಲ್ಲ. ಹತ್ತಿರದ ತ್ರಿಪ್ಪುಣಿತ್ತುರಕ್ಕೆ ಹೋಗಲು ಒಂದು ರಸ್ತೆ, ಬರಲು ಬೇರೆ ರಸ್ತೆ. ಅದರಿಂದ ಎಷ್ಟೋ ಸಲ ದಾರಿ ತಪ್ಪಿ ಯಾರದೋ ಅಂಗಳ ಹೊಕ್ಕಿದ್ದಾರೆ. ಆ ಅಂಗಳದಲ್ಲಿ ಅಂಟು ಬೇಕಾದ ರಟ್ಟಿನ ಡಬ್ಬಿ ಮಾಡುವವನೂ ಸಿಕ್ಕಿದ್ದಾನೆ, ಅಟ್ಟಿಸಿಕೊಂಡು ಬಂದ ನಾಯಿಯೂ ಸಿಕ್ಕಿದೆ.

ಅವರು ಈ ಅಂಟಿಗೆ ಅಂಟಿಕೊಂಡ ಕತೆ ಇನ್ನೂ ಚೆನ್ನ. ಗದುಗಿನ ಕಡೆಯಿಂದ ಬ್ಯಾಡಗಿ ಮೆಣಸಿನಕಾಯಿ ಮೂಟೆಗಳು ಹಿನ್ನೀರಿನ ಆ ದಡದ ಮಟ್ಟಾಂಚೇರಿಗೆ ಬರುತ್ತಿದ್ದವು. ಮೂಟೆಗಳ ಕಾವಲಿಗೆಂದು ಲಾರಿ ಹತ್ತಿ ಬಂದವರು ಬಸಣ್ಣ. ಬಂದ ಹೊಸದರಲ್ಲಿ ಒಂದು ಚಾ ಅಂಗಡಿಯಲ್ಲಿ ಕೂತು, ವಾಡಿಕೆಯಂತೆ ಯಾರನ್ನೋ ಮಾತಾಡಿಸಿದ್ದಾರೆ. ಆ ಪುಣ್ಯಾತ್ಮ ಕೇಳಿದ: ಕೆಲಸ ಬೇಕೇನು? ಎರ್ನಾಕುಲದಲ್ಲಿ ಲಕೋಟೆ ಮಾಡುವ ಒಂದು ಪ್ರೆಸ್ಸಿದೆ, "ಅವಿಡೆ ನಲ್ಲ ಅವಸರಂ ಉಂಡ್." ಅಲ್ಲಿ ಒಳ್ಳೆಯ ಅವಸರ ಇದೆ!

ಬಸಣ್ಣನ ಕೈಯಿಂದ ಚಾದ ಗ್ಲಾಸು ಜಾರಿತಂತೆ. ಏನೋ ಆಗಬಾರದ್ದು ಆಗಿದೆ, ಯಾರಿಗೋ ಸಹಾಯ ಬೇಕಾಗಿದೆ ಎಂದು ತಿಳಿದು ಎದ್ದವರೇ ಜೆಟ್ಟಿಗೆ ಓಡಿದರು. ಹೊರಡುತ್ತಿದ್ದ ಬೋಟಿಗೆ ಹಾರಿದರು. ಈ ದಡ ಮುಟ್ಟಿ ದಾರಿ ಕೇಳುತ್ತ ಓಡಿ, ಬೆವರು ಸುರಿಸುತ್ತ ಪ್ರೆಸ್ಸಿನ ಬಾಗಿಲಲ್ಲಿ ನಿಂತು, "ಏನಾತ್ರಿ? ಏನಾತು?" ಎಂದು ಕೂಗಿದರು. ಅಲ್ಲಿ ಏನೂ ಆಗಿರಲಿಲ್ಲ. ಅಂಟು ಕಲಸುವವನು ಕೆಲಸ ಬಿಟ್ಟಿದ್ದ, ಅಷ್ಟೇ. ಪ್ರೆಸ್ಸಿನ ಯಜಮಾನರು ಈ ಟೋಪಿಯ ಆಸಾಮಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೆಲಸ ಕೇಳಿಕೊಂಡು ಓಡಿಬಂದವನನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಕೂಡಲೇ ಇಟ್ಟುಕೊಂಡರು. ಅದೇ ಸುದ್ದಿ ಕೇಳಿ ಆಮೇಲೆ ನಿಧಾನವಾಗಿ ಮುಂಡು ಕೊಡವಿಕೊಂಡು ಬಂದವರೆಲ್ಲ ಹಾಗೆಯೇ ಹಿಂದಿರುಗಿದರು.

ಮಲಯಾಳದಲ್ಲಿ ಅವಸರ ಎಂದರೆ ಸಂದರ್ಭ, ಒದಗಿಬಂದ ಒಳ್ಳೆಯ ಘಳಿಗೆ. ಇದು ಬಸಣ್ಣನಿಗೆ ತಿಳಿದದ್ದು ತಿಂಗಳಾದ ಮೇಲೆ. "ತಿಳದ ಮ್ಯಾಲೂ ನಾ ಬದ್ಲಿ ಮಾಡ್ಲಿಲ್ರಿ. ಎರಡಕ್ಕೂ ಒಂದ ಅರ್ಥ ಇಟಗೊಂಡೀನಿ. ಅವಸರ ಬಂತಂದ್ರ ಅವಸರಲೇ ಓಡಬೇಕು" ಎನ್ನುತ್ತಿದ್ದರು. ಹಾಗೆ ಓಡಿ ಓಡಿಯೇ ಪ್ರೆಸ್ಸಿನ ಕೆಲಸದಿಂದ ಸ್ವಂತ ಅಂಟಿಗೆ ಬಂದಿದ್ದು.

ಗಂಗವ್ವನಿಗೊಂದು ಮನೆ ನೋಡಿಕೊಡಿ ಎಂದು ನನಗೆ ಹೇಳಿಟ್ಟಿದ್ದರು. ಸಂಜೆ ನಮ್ಮವರೂ ನಾನೂ ತಿರುಗಾಡಲು ಹೊರಟರೆ ಬಸಣ್ಣನೂ ಬರುವರು. ಅವರದು ಒಂದೇ ಬೇಡಿಕೆ: ಮನೆಯ ಮುಂದೆ ಕಟ್ಟೆ ಇರಬೇಕು. "ನಮ್ಮ ಕಡೆ ಹೆಣ್ಮಕ್ಕಳು ಸಂಜಿಗೆ ಕಟ್ಟೀ ಮ್ಯಾಲ ಕುಂತು ಮಾತಾಡಬೇಕ್ರಿ. ಇಲ್ಲಾಂದ್ರ ಉಂಡದ್ದು ಅರಗೂದಿಲ್ಲ." ಆ ಊರಿನಲ್ಲಿ ಮನೆಗಳು ಗೇಟು, ಬೇಲಿ, ತೆಂಗಿನಮರಗಳನ್ನು ದಾಟಿ ಒಳಗೆಲ್ಲೋ ಅಡಗಿರುತ್ತವೆ. ಬೀದಿಗೆ ಮುಖ ಮಾಡಿದ ಕಟ್ಟೆ ಎಲ್ಲಿಂದ ತರುವುದು? ಪ್ರತಿ ಗೇಟಿನ ಮುಂದೆಯೂ ಅವರು ಅಡ್ಡಾಡಿ, ಇಣುಕಿ, "ಆಕಿ ಇಲ್ಲಿ ಒಬ್ಬಾಕಿನ ಏನು ಮಾಡ್ಯಾಳು?" ಎಂದು ತಲೆಯಾಡಿಸುತ್ತಿದ್ದರು. ಒಬ್ಬಳೇ ಏನು ಮಾಡುತ್ತಾಳೆಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ದೀಪಾವಳಿ ಬಂದರೆ, "ಯುಗಾದಿಗೆ ಕರಕೊಂಡು ಬರತೀನಿ" ಎನ್ನುವರು. ಯುಗಾದಿಗೆ ಸರಿಯಾಗಿ ಯಾವುದೋ ರಟ್ಟಿನ ಕಾರ್ಖಾನೆಯದು ಆರ್ಡರು. "ಅವಸರ ಬಂದೈತ್ರಿ ವೈನಿ, ದೀಪಾವಳಿಗೆ ನೋಡೂಣು." ಊರಿಂದ ಬಂದ ಮೆಣಸಿನಕಾಯಿ ವ್ಯಾಪಾರಿಗಳು, ಗಂಗವ್ವ ಹೊರಗಿನ ಪಡಸಾಲೆಯಲ್ಲಿ ನಾಲ್ಕು ಜನಕ್ಕೆ ರೊಟ್ಟಿ ಮಾಡಿಕೊಡುತ್ತಿದ್ದಾಳೆ ಎಂಬ ಸುದ್ದಿ ತಂದರು. "ತವರಮನ್ಯಾಗ ಬ್ಯಾಸರ ಬಂದಿರಬೇಕು, ಹೊತ್ತು ಕಳೀತಾಳ" ಎಂದು ಬಸಣ್ಣ ನಕ್ಕರು.

ಇಷ್ಟರಲ್ಲಿ ತಿರುವನಂತಪುರದ ಒಂದು ದೊಡ್ಡ ಸರ್ಕಾರಿ ಕಚೇರಿಗೆ ಅಂಟು ಬೇಕಾಗಿದೆ ಎಂದು ಬೋಟಿನಲ್ಲಿ ಕೂತ ಅಪರಿಚಿತನೊಬ್ಬನ ಬಾಯಿಂದ ತಿಳಿಯಿತು. ನಮ್ಮವರಿಗೂ ಅಲ್ಲಿ ಬ್ಯಾಂಕಿನ ಕೆಲಸವಿತ್ತು. ನನಗೆ ಅನಂತಪದ್ಮನಾಭನ ದರ್ಶನ ಮಾಡುವ ಆಸೆ. ಮೂವರೂ ಒಂದೇ ರೈಲಿನಲ್ಲಿ ಹೋದೆವು. ನಮ್ಮವರು ಅವರ ಕೆಲಸಕ್ಕೆ ಹೋದರು, ನಾನು ಬಸಣ್ಣನ ಜೊತೆ ಆ ಕಚೇರಿಯ ವರಾಂಡದ ಬೆಂಚಿನ ಮೇಲೆ ಕೂತೆ. ಅಲ್ಲಿ ದೊಡ್ಡ ದೊಡ್ಡ ವ್ಯಾಪಾರಿಗಳು ಫೈಲು ಹಿಡಿದು ನಿಂತೇ ಇದ್ದರು. ಬಸಣ್ಣ ಮಾತ್ರ, ಪ್ಯೂನು ತಡೆಯುವುದರೊಳಗೆ ಅರ್ಧಬಾಗಿಲು ತಳ್ಳಿ ಒಳಗೆ ನುಗ್ಗಿದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರುಹೊಡೆದಿದ್ದರು. ಒಂದು ಅವಕಾಶ ಕೊಡಿ ಎಂದು ಕೇಳಬೇಕಿತ್ತು. ಕನ್ನಡದ್ದೇ ಶಬ್ದ ಹಾಕಿ, "ಎನಿಕ್ಕ್ ಅವಕಾಶಂ ತರಣಂ!" ಎಂದರು. ಗಟ್ಟಿಯಾಗಿಯೇ ಅಂದರು.

ಅಯ್ಯೋ ದೇವರೇ! ಮಲಯಾಳದಲ್ಲಿ ಅವಕಾಶ ಎಂದರೆ ಹಕ್ಕು. ನನ್ನ ಹಕ್ಕು ನನಗೆ ಕೊಡಿ ಎಂದು ಸಾಹೇಬರ ಮುಂದೆ ಘೋಷಣೆ ಕೂಗಿದಂತಾಯಿತು. ಅಷ್ಟು ಹೊತ್ತಿಗೆ ನನಗೆ ಆ ಭಾಷೆ ಹತ್ತಿತ್ತು, ಬೆಂಚಿನಿಂದೆದ್ದು ಅರ್ಧಬಾಗಿಲ ಮೇಲಿಂದ ಇಣುಕಿದೆ. ಅದು ಬೇರೆ ಬೀದಿ ಬೀದಿಯಲ್ಲೂ ಮೆರವಣಿಗೆ ಹೋಗುತ್ತಿದ್ದ ಕಾಲ. ಸಾಹೇಬರು ಎದ್ದು ನಿಂತರು. "ನಿಙ್ಙಳ್ ಏದ್ ಯೂನಿಯನ್?" ನೀವು ಯಾವ ಯೂನಿಯನ್ನಿನವರು ಎಂದು ಮೆತ್ತಗೆ ಕೇಳಿ, ಕುರ್ಚಿ ಎಳೆದು ಕೊಟ್ಟರು. ಪ್ಯೂನು ಚಾ ತಂದ. ಬಸಣ್ಣ, ಎಷ್ಟು ಮರ್ಯಾದಸ್ಥ ಜನ ಎಂದುಕೊಂಡು ಚಾ ಕುಡಿದು, ಚೀಲದಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಲವಂಗದ ಘಮ ವರಾಂಡದವರೆಗೂ ಬಂತು. ಆಮೇಲೆ ಒಳಗೆ ಒಂದು ನಗು ಎದ್ದಿತು ನೋಡಿ, ಸಾಹೇಬರದ್ದು, ಗುಮಾಸ್ತರದ್ದು, ಎಲ್ಲರದ್ದೂ. ಯೂನಿಯನ್ನಿನವನಲ್ಲ, ಅಂಟಿನವನು ಎಂದು ಗೊತ್ತಾಗಿತ್ತು. ನಕ್ಕವರು ಹೊರಗೆ ಹಾಕಲು ಆಗದೆ, ಒಂದು ಮಳೆಗಾಲ ನಿಮ್ಮ ಅಂಟು ನೋಡುತ್ತೇವೆ ಎಂದರು. ಮಳೆಗಾಲ ಮುಗಿದ ಮೇಲೆ ಬೇರೆ ಅಂಟನ್ನು ಅವರು ಕೇಳಲಿಲ್ಲ.

ಆ ದಿನ ಹೊರಗೆ ಬಂದಾಗ ನಾನು ಅವರಿಗೆ ಶಬ್ದದ ಅರ್ಥ ಹೇಳಿದೆ. ಮೆಟ್ಟಿಲ ಮೇಲೆ ಕೂತೇಬಿಟ್ಟರು. "ನಾ ಹಕ್ಕು ಕೇಳಿದ್ನೇನ್ರಿ? ಜೀವಮಾನದಾಗ ಯಾರ ಹತ್ರಾನೂ ಹಕ್ಕು ಕೇಳಿದಾಂವಲ್ಲ ನಾ!" ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಗಲಾದ್ರೂ ಗಂಗವ್ವನ ಹತ್ರ ಹೋಗಿ ಕೇಳಿ ಮತ್ತೆ, ನಿಮ್ಮ ಹಕ್ಕು" ಎಂದೆ.

"ಹೌದ್ರಿ, ಈಗ ಮಾವಗ ಮಾರಿ ತೋರಸಬಹುದು. ಆದ್ರ ಇಲ್ಲಿ ಹೊಸಾ ಒಲಿ ಹೂಡಬೇಕಲ್ಲ. ದೀಪಾವಳಿಗೆ ನೋಡೂಣು."

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮದೊಂದು ದೀಪಾವಳಿ, ನಿಮ್ಮದೊಂದು ಯುಗಾದಿ! ಆ ಹೆಂಗಸೇನು ಸೀಸೆಯಲ್ಲಿಟ್ಟ ಅಂಟೇನ್ರೀ, ಬೂಷ್ಟು ಹಿಡಿಯದೆ ಇರೋಕೆ?" ಎಂದುಬಿಟ್ಟೆ. ಅವರು ಎದ್ದು ಚೀಲ ಹೆಗಲಿಗೇರಿಸಿಕೊಂಡರು. ಮೂವರೂ ವಾಪಸಿನ ರೈಲು ಹತ್ತಿದೆವು. ಕೊಲ್ಲಂ ಬಂದಾಗ ಇಳಿದು ನನ್ನ ಮಗಳಿಗೆಂದು ಗೋಡಂಬಿ ತಂದುಕೊಟ್ಟರು. ಅವಳಿನ್ನೂ ಹೊಟ್ಟೆಯಲ್ಲೇ ಇದ್ದಳು.

ಅವರು ತಿರುವನಂತಪುರಕ್ಕೆ ಹೊರಟುಹೋದರು. ಕೆಳಗಿನ ಕೋಣೆಗೆ ಬೇರೆ ಯಾರೋ ಬಂದರು. ಲವಂಗದ ವಾಸನೆ ಗೋಡೆಗಳಿಂದ ಹೋಗಲು ಒಂದು ಮಳೆಗಾಲವೇ ಬೇಕಾಯಿತು, ಆಮೇಲೆ ಅದೂ ಹೋಯಿತು. ಮಗಳು ನಂದಿನಿ ಹುಟ್ಟಿದಳು, ಬೆಳೆದಳು. ನಾನು ಕನ್ನಡದಲ್ಲಿ ಕರೆದರೆ "ಎಂದಾ ಅಮ್ಮೇ?" ಏನಮ್ಮಾ ಎನ್ನುವಳು. ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳ. ಎಷ್ಟು ಬೈದರೂ ಅಷ್ಟೇ. ಮನೆಯಲ್ಲಿ ಕನ್ನಡಕ್ಕೆ ಕನ್ನಡ ಹಿಂದಿರುಗದೆ ಎಷ್ಟೋ ದಿನಗಳಾಗುತ್ತಿದ್ದವು. ನಮ್ಮವರು ಬ್ಯಾಂಕಿನಿಂದ ಬಂದರೆ ಪೇಪರು ಹಿಡಿದು ಹೂಂ, ಊಹೂಂ ಎನ್ನುವ ಪೈಕಿ. ಬಸಣ್ಣನ ಒರಟು ಗದುಗಿನ ಮಾತನ್ನು ಅಣಕಿಸುತ್ತಿದ್ದವಳು ಅದಕ್ಕಾಗಿ ಹಂಬಲಿಸುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ ನಮಗೂ ತಿರುವನಂತಪುರಕ್ಕೆ ವರ್ಗವಾಯಿತು. ಬಸಣ್ಣ ಆಗ ಅಲ್ಲಿನ ಕರಮನದ ಕಡೆ ಮನೆ ಹಿಡಿದಿದ್ದರು. ಅಂಟು ಕುದಿಸಲು ಬೇರೆ ಶೆಡ್ಡು, ಪೌಲೋಸ್ ಎಂಬ ಜೊತೆಗಾರ, ಎಷ್ಟೋ ಕಚೇರಿಗಳ ಆರ್ಡರು. ಟೋಪಿಯ ಕೆಳಗೆ ಕೂದಲು ಬೆಳ್ಳಗಾಗಿತ್ತು. "ಮೊದಲ ಕಟ್ಟಿ ನೋಡ್ರಿ ವೈನಿ, ಕಟ್ಟಿ!" ಎಂದರು. ನಿಜವಾಗಿಯೂ ಮನೆಯ ಮುಂದೆ ಬೀದಿಗೆ ಮುಖ ಮಾಡಿ ಒಂದು ಕಟ್ಟೆ. ಮೇಲೆ ಕೆಂಪು ಗಾರೆ, ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಯಾರೂ ಕೂತು ಸವೆಸಿದ್ದಲ್ಲ, ಬಸಣ್ಣ ದಿನಾ ಒರೆಸಿ ಒರೆಸಿ ಹಾಗಾಗಿತ್ತು. ಆ ದೀಪಾವಳಿಗೆ ಖಂಡಿತ ಹೋಗುತ್ತೇನೆ ಎಂದರು. ಈ ಸಲ ಹೋದರು ಕೂಡ.

ವಾರ ಕಳೆದ ಮೇಲೆ ನಮ್ಮ ಮನೆಗೆ ಒಬ್ಬರೇ ಬಂದರು. ಅಡುಗೆಮನೆಯ ಬಾಗಿಲಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತರು. ನಾನು ಕಾಫಿ ಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು ಹೇಳತೊಡಗಿದರು.

"ಮಾವನ ಮನಿ ಮುಂದ ಸಾಲಾಗಿ ಸೈಕಲ್ ನಿಂತಿದ್ದವ್ರಿ. ಏನೋ ಅನಾಹುತ ಆಗೈತಿ ಅಂತ ಓಡಿದೆ. ಒಳಗ ಹೋಗಿ ನೋಡಿದ್ರ ಪಂಕ್ತಿ ಕುಂತೈತಿ! ಹತ್ತಿ ಪ್ಯಾಟಿ ದಲಾಲರು, ಸಾಲಿ ಮಾಸ್ತರು, ಬಸ್ಸಿನ ಕಂಡಕ್ಟರು. ದೊಡ್ಡ ಖಾನಾವಳಿ ಆಗೈತ್ರಿ. ಆಕಿ ಕೈ ಕೆಳಗ ಮೂರು ನಾಕು ಹೆಣ್ಮಕ್ಕಳು ರೊಟ್ಟಿ ಬಡಿಯಾಕತ್ತಾರ. ಮಾವ ಮೂಲ್ಯಾಗ ಹಾಸಿಗಿ ಹಿಡದಾನ. ಅಂವನ ಅಂದ, ಕರಕೊಂಡು ಹೋಗಪಾ, ನಿನ್ನ ಅದೃಷ್ಟ ತಿದ್ದಿತು, ನನ್ನ ಮಾತು ಮುಗೀತು ಅಂತ."

"ಮತ್ತೆ?"

"ಆಕಿ, ಬಂದ್ರಿ? ಕೈಕಾಲು ತೊಳಕೊಳ್ರಿ ಅಂದ್ಲು. ತಾಟು ಹಾಕಿದ್ಲು. ನಾಕನೇ ಪಂಕ್ತಿ ಎದ್ದ ಮ್ಯಾಲೆ ಹೇಳಿದೆ. ಮನಿ ಹಿಡದೀನಿ, ಕಟ್ಟಿ ಐತಿ, ಮುಂಜಾನಿ ಗಾಡಿಗೆ ಹೋಗೂಣು ನಡಿ ಅಂದೆ. ಸೆರಗಿಗೆ ಕೈ ಒರಸಗೋತ ಅಂದ್ಲು, ಈಗ ಸವುಡಿಲ್ರಿ, ಪುರಸೊತ್ತಿಲ್ಲ, ಕೆಲಸ ಭಾಳ ಐತಿ. ಮತ್ತ ಯಾವಾಗ ಸವುಡಾಕ್ಕೈತಿ ಅಂದೆ." ಬಸಣ್ಣ ಕಾಫಿಯ ಲೋಟವನ್ನೇ ನೋಡಿದರು. "ಯುಗಾದಿಗೆ ನೋಡೂಣು ಅಂದ್ಲು. ಸಿಟ್ಟಲೇ ಅಂದಿದ್ರ ಛಲೋ ಇತ್ರಿ ವೈನಿ. ನಕ್ಕೋತ ಅಂದ್ಲು."

ಹಿಂದೆ ಮೆಟ್ಟಿಲ ಮೇಲೆ ಅಷ್ಟು ರೇಗಿದ್ದ ನನಗೆ ಈಗ ಗಂಗವ್ವನ ಪರವಾಗಿ ಹಿಗ್ಗಬೇಕು ಅನ್ನಿಸಿತು, ಈ ಮನುಷ್ಯನಿಗಾಗಿ ಅಳಬೇಕು ಅನ್ನಿಸಿತು. ಎರಡನ್ನೂ ಮಾಡದೆ ಆರಿದ ಕಾಫಿ ಬಿಸಿ ಮಾಡಿ ತಂದೆ.

"ಒಂದು ಮಾತು ಹೇಳಲಾ ಬಸಣ್ಣ? ನೀವು ಗುರುತಿಲ್ಲದವರನ್ನೆಲ್ಲ ಹುಡುಕಿ ಹುಡುಕಿ ಮಾತಾಡಿಸಿದಿರಿ. ಗುರುತಿದ್ದವಳ ಮನೆಗೆ ವರುಷಕ್ಕೊಂದು ಸಲ ಹೋಗಿ ಕೂತು ಬಂದಿದ್ರೆ ಆಗ್ತಿತ್ತು" ಎಂದೆ.

"ಬರೀಗೈಲೆ ಹೆಂಗ ಹೋಗಬೇಕ್ರಿ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನಂದಿನಿ ಬಂದು, "ಮಾಮನ್ ಎಂದಾ ಮಿಂಡಾತ್ತೆ?" ಮಾಮ ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿದಳು. ಅವರು ಅವಳ ತಲೆ ಸವರಿದರು.

ಆಮೇಲಿನ ತಿಂಗಳುಗಳಲ್ಲಿ ಬಸಣ್ಣ ಎಂದಿನಂತೆ ತಿರುಗಾಡಿದರು, ಎಂದಿನಂತೆ ಆರ್ಡರುಗಳು ಬಂದವು. ನಾನು ಕಂಡದ್ದು ಬೇರೆ. ಸಂಜೆ ಕಟ್ಟೆಯ ಮೇಲೆ ಒಂದು ತುದಿಗೆ ಸರಿದು ಕೂರುತ್ತಿದ್ದರು, ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ. ಕತ್ತಲಾಗುವವರೆಗೂ ಅಲ್ಲಿ ಕೂತು, ಹೋಗಿ ಬರುವವರನ್ನು ನೋಡುತ್ತಿದ್ದರು, ಯಾರನ್ನೂ ಕರೆದು ಮಾತಾಡಿಸುತ್ತಿರಲಿಲ್ಲ. ನಾನು ಹೋದ ದಿನ ಮಾತ್ರ ಗಂಗವ್ವನ ಸುದ್ದಿ. ಅವಳ ರೊಟ್ಟಿ ಎಷ್ಟು ತೆಳ್ಳಗಿರುತ್ತದೆ, ಅವಳ ಎಣಗಾಯಿ ಪಲ್ಯಕ್ಕೆ ಊರಿನ ದೊಡ್ಡ ಸಾಹುಕಾರರು ಹೇಗೆ ಕಾಯುತ್ತಾರೆ. ಹೇಳುವಾಗ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಹೇಳಿ ಮುಗಿಸಿದ ಮೇಲೆ ಆ ಮುಖ ನೋಡಲಾಗುತ್ತಿರಲಿಲ್ಲ.

ಯುಗಾದಿಯ ಹಿಂದಿನ ವಾರ ನಮ್ಮ ಮನೆಯ ಮುಂದೆ ಒಂದು ಬೆಳಿಗ್ಗೆ ಚೀಲ ಹಿಡಿದು ನಿಂತಿದ್ದರು. ಅಂಟಿನ ಕೆಲಸವನ್ನೆಲ್ಲ ಪೌಲೋಸನಿಗೆ ಒಪ್ಪಿಸಿದ್ದಾಗಿತ್ತು. ಮನೆ ಬಿಟ್ಟುಕೊಟ್ಟಿದ್ದಾಗಿತ್ತು. ನನಗೆ ಒಂದು ಮಾತೂ ಮೊದಲೇ ಹೇಳಿರಲಿಲ್ಲ. ನಾನು ಹಾಗೇ ಸೆರಗು ಹೊದ್ದು, ನಂದಿನಿಯನ್ನು ಎಳೆದುಕೊಂಡು ಅವರ ಜೊತೆ ತಂಬಾನೂರಿನ ಸ್ಟೇಷನ್ನಿಗೆ ಹೋದೆ. ದಾರಿಯಲ್ಲಿ ಬೈಯಬೇಕೆಂದಿದ್ದೆ, ಆಗಲಿಲ್ಲ. ರೈಲು ಬಂದು ನಿಂತಿತ್ತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು.

"ನೀವು ಬರೋದು ಗಂಗವ್ವನಿಗೆ ಗೊತ್ತಾ ಬಸಣ್ಣ?"

"ಇಲ್ರಿ."

"ತಿಳಿಸಬಾರದಿತ್ತಾ? ಇಷ್ಟು ದೂರ ಹೋಗ್ತೀರಿ, ಮತ್ತೆ ಸವುಡಿಲ್ಲ ಅಂದ್ಬಿಟ್ರೆ?"

ಬಸಣ್ಣ ಕಿಟಕಿಯ ಸರಳು ಹಿಡಿದು ನನ್ನ ಕಡೆ ಬಾಗಿದರು. ಯಾರಿಗೂ ಹೇಳದ ವ್ಯಾಪಾರದ ಗುಟ್ಟು ಹೇಳುವಾಗ ಹೀಗೇ ಬಾಗುತ್ತಿದ್ದರು.

"ಗಂಡ ಬರತೀನಿ ಅಂತ ತಿಳಿಸಿದ್ರ ಸವುಡಿಲ್ಲ ಅಂತಾಳ್ರಿ. ಹಸಗೊಂಡು ಬಂದು ಪಂಕ್ತ್ಯಾಗ ಕುಂತಾವಗ ಖಾನಾವಳಿಯಾಕಿ ಹಂಗ ಅನ್ನಾಕ ಬರೂದಿಲ್ಲ. ದಿನಾ ಹೋಗಿ ಕೂಡತೀನಿ. ಒಂದಿನ ಇಲ್ಲ ಒಂದಿನ ತಲಿ ಎತ್ತಿ ನೋಡ್ಯಾಳು."

ರೈಲು ಹೊರಟಿತು. ಟೋಪಿ ತೆಗೆದು ಬೀಸಿದರು. ಅವರ ತಲೆಯನ್ನು ಬರಿದಾಗಿ ನಾನು ನೋಡಿದ್ದು ಅದೊಂದೇ ಸಲ. ನಂದಿನಿ ಕೈ ಬೀಸುತ್ತ, "ಹೋಗಿ ಬನ್ನಿ ಮಾಮಾ!" ಎಂದು ಕೂಗಿದಳು, ಕನ್ನಡದಲ್ಲಿ. ಅವರಿಗೆ ಕೇಳಿಸಿತೋ ಇಲ್ಲವೋ.

ಆಮೇಲೆ ಅವರ ಸುದ್ದಿ ಬರಲಿಲ್ಲ. ನಮಗೂ ಮುಂದೆ ವರ್ಗ, ಊರಿಂದ ಊರು. ಗಂಗವ್ವ ರೊಟ್ಟಿಯನ್ನಂತೂ ಹಾಕಿರುತ್ತಾಳೆ. ಉಂಡಾದ ಮೇಲೆ ಕೂತಿರಿ ಅಂದಳೋ, ಎಲ್ಲರ ಹಾಗೆ ಕೈ ತೊಳೆದುಕೊಂಡು ಎದ್ದು ಹೋಗಲು ಬಿಟ್ಟಳೋ, ಅದೊಂದು ಇವತ್ತಿಗೂ ನನಗೆ ತಿಳಿಯದು.